ನನಗಿಂತ ಮುಂಚೆ ಹೊರಟ ಚೀಲ

ಯೋಜನೆ ಯಾವುದೇ ಇರಲಿ, ಅದನ್ನು ಪೆನ್ಸಿಲಿನಲ್ಲೇ ಬರೆಯಬೇಕು ಎನ್ನುವುದು ನನ್ನ ಬಹುಕಾಲದ ಸಿದ್ಧಾಂತ. ಪೆನ್ನಿನಲ್ಲಿ ಬರೆದರೆ ದಿನ ತಪ್ಪಿದಾಗ ಅಡ್ಡಗೀಟು ಎಳೆಯಬೇಕಾಗುತ್ತದೆ, ಅಡ್ಡಗೀಟು ಕಣ್ಣಿಗೆ ಹೊಡೆಯುತ್ತದೆ. ಪೆನ್ಸಿಲಾದರೆ ಸುಮ್ಮನೆ ಅಳಿಸಿ, ಮುಂದಿನ ತಾರೀಕು ಹಾಕಿ, ಏನೂ ಆಗದವರ ಹಾಗೆ ಚಹಾ ಕುಡಿಯಬಹುದು. ಹೀಗೆ ಅಳಿಸಿ ಅಳಿಸಿ ನನ್ನ ನೋಟುಬುಕ್ಕಿನ ಒಂದು ಹಾಳೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಆ ಹಾಳೆಯ ತಲೆಯ ಮೇಲೆ ‘ಲಂಕಾ’ ಎಂದು ಬರೆದಿದೆ. ನಾನು ನಾರಾಯಣಪೇಟೆಯ ಒಂದು ಪ್ರಾಥಮಿಕ ಶಾಲೆಯ ಟೀಚರು. ವಯಸ್ಸು ಐವತ್ತಮೂರು. ಈ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು, ಕಡಿಮೆ ಖರ್ಚಿನಲ್ಲಿ ಪರದೇಶ ತಿರುಗುತ್ತೇನೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಗುವುದಿಲ್ಲ. ಆರೇಳು ವರ್ಷದಿಂದ ಕೇಳುತ್ತಿದ್ದಾರೆ, ನಕ್ಕು ಮುಗಿದಿದೆ.

ಲಂಕೆಯ ಹುಚ್ಚು ಹಿಡಿದದ್ದು ಮಕ್ತಲದಲ್ಲಿ, ಹತ್ತನೇ ಇಯತ್ತೆಯಲ್ಲಿ. ನಾನೂ ಶರಣಮ್ಮನೂ ಒಂದೇ ಬೆಂಚು, ಒಂದೇ ಓಣಿ. ನಮ್ಮ ತರಗತಿಯ ಗೋಡೆಯ ಮೇಲೆ ಒಂದು ಭಾರತದ ನಕ್ಷೆ ನೇತಾಡುತ್ತಿತ್ತು. ಕಾಶ್ಮೀರದ ಕಡೆಯೆಲ್ಲ ಗೆದ್ದಲು ತಿಂದಿತ್ತಾದರೂ ಕೆಳಗಡೆ ಲಂಕೆ ಮಾತ್ರ ಗಟ್ಟಿಮುಟ್ಟಾಗಿತ್ತು. ಭೂಗೋಳದ ಸರ್ ಒಂದು ದಿನ ಬೆತ್ತದಿಂದ ಅದನ್ನು ತೋರಿಸಿ, “ಇಲ್ಲೇ ಐತಿ ನೋಡ್ರಿ, ನಮ್ಮ ಮಾಳಗಿ ಮ್ಯಾಲಿಂದ ಬಾಜೂ ಮನಿ ಮಾಳಗಿ ಇದ್ದಾಂಗ” ಎಂದುಬಿಟ್ಟರು. ಮಾಳಿಗೆಯಿಂದ ಮಾಳಿಗೆಗೆ ದಾಟುವುದರಲ್ಲಿ ನಾವಿಬ್ಬರೂ ಪಳಗಿದವರು. ಶಾಲೆ ಬಿಟ್ಟ ಮೇಲೆ ಶರಣಮ್ಮ ಬೆಂಚಿನ ಮೇಲೆ ಹತ್ತಿ ಅಳತೆಪಟ್ಟಿ ಇಟ್ಟು ನೋಡಿದಳು. “ಗಂಗೂ, ಮಕ್ತಲದಿಂದ ಒಂದು ಗೇಣು ಸುದ್ದಾ ಇಲ್ಲಲೇ! ಹೋಗೂಣು?” ಎಂದಳು. ನಾನು “ಹೂಂ” ಎಂದೆ. ಹೂಂ ಎನ್ನುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಆಮೇಲೆ ಏನಾಯಿತು ಎಂದರೆ, ಆಗುವುದೆಲ್ಲ ಆಯಿತು. ಶರಣಮ್ಮನನ್ನು ಮುಂದಿನ ವರ್ಷವೇ ಗದ್ವಾಲಕ್ಕೆ, ಸೀರೆ ನೇಯುವ ಮನೆಗೆ ಕೊಟ್ಟರು. ನನಗೆ ಟ್ರೇನಿಂಗು, ನೌಕರಿ, ನಾರಾಯಣಪೇಟೆಯ ಗಂಡ, ಎರಡು ಮಕ್ಕಳು. ನಡುವೆ ನಾಲ್ಕು ಸಲ ಲಂಕೆಗೆ ತಾರೀಕು ಹಾಕಿದೆವು. ಒಮ್ಮೆ ನನ್ನ ಮಗಳ ಪರೀಕ್ಷೆ. ಒಮ್ಮೆ ಚುನಾವಣೆ ಡ್ಯೂಟಿ. ಒಮ್ಮೆ ನಮ್ಮ ಮನೆಗೆ ಸುಣ್ಣ ಬಳಿಸುವುದಿತ್ತು. ಇನ್ನೊಮ್ಮೆ ಯಾಕೆ ತಪ್ಪಿತೋ ನೆನಪಿಲ್ಲ. ಯಾರಾದರೂ ಕೇಳಿದರೆ ನಾನು ಮಾತ್ರ, “ಏನ್ ಮಾಡೂದ್ರಿ, ಶರಣಮ್ಮನ ಸಂಸಾರ ದೊಡ್ಡದು, ಬಿಟ್ಟು ಬರಾಕ ಆಗಂಗಿಲ್ಲ ಪಾಪ” ಎಂದು ಹೇಳಿ ಹೇಳಿ, ಅದು ನನಗೇ ನಿಜ ಅನ್ನಿಸಿಬಿಟ್ಟಿತ್ತು.

ಈ ವರ್ಷ ಯುಗಾದಿ ಆದ ಮೇಲೆ ಶರಣಮ್ಮನ ಫೋನು ಬಂತು. ಜೀವಮಾನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳ ಮೊಣಕಾಲು ಎರಡೂ ಸವೆದಿವೆಯಂತೆ. “ಡಾಕ್ಟರ್ ಹೇಳ್ಯಾರ, ಮಳಿಗಾಲ ಮುಗದ ಮ್ಯಾಲ ಆಪರೇಶನ್. ಆಮ್ಯಾಲ ಹೆಂಗೋ ಏನೋ. ಈ ಬ್ಯಾಸಗಿ ನಡದಷ್ಟೇ ನಡಿಗಿ ಗಂಗೂ. ಈ ಸಲ ಹೋದ್ರ ಹೋದಂಗ, ಇಲ್ಲಂದ್ರ ನಕ್ಷಾದಾಗ ನೋಡೂದ” ಎಂದಳು. ನಗುತ್ತಲೇ ಹೇಳಿದಳು. ನಾನು ಆಗಲೇ ಹೊಸ ಪೆನ್ಸಿಲು ಕೆತ್ತಿ ಕೂತೆ.

ಖರ್ಚಿಲ್ಲದೆ ಪರದೇಶ ಸುತ್ತುವುದು ಹೇಗೆ ಎಂದು ಹೇಳಿಕೊಡುವ ವೀಡಿಯೋಗಳು ಫೋನಿನಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಇಪ್ಪತ್ತೆರಡರ ಹುಡುಗಿಯರು ಅವರಿಗಿಂತ ಎತ್ತರದ ಚೀಲ ಹೊತ್ತು, ಎಳನೀರು ಕುಡಿಯುತ್ತ, ಹತ್ತು ಮಂಚದ ಕೋಣೆಯಲ್ಲಿ ಮೇಲಿನ ಮಂಚಕ್ಕೆ ಜಿಗಿಯುತ್ತಾರೆ. ಮೇಲಿನ ಮಂಚ ನೋಡಿದಾಗಲೇ ಶರಣಮ್ಮನ ಮೊಣಕಾಲು ನೆನಪಾಗಿ, ಕೆಳಗಿನ ಮಂಚಗಳಿರುವ ಕಡೆ ಹುಡುಕಿದೆ. ವಿಮಾನ ನಮ್ಮ ಮಾತಲ್ಲ. ಗದ್ವಾಲದಿಂದ ರೈಲು ಹತ್ತಿ ದಕ್ಷಿಣಕ್ಕೆ ಇಳಿದು, ನಾಗಪಟ್ಟಣದಲ್ಲಿ ಹಡಗು ಹಿಡಿದರೆ ಅಗ್ಗ. ಗದ್ವಾಲದವರೆಗೆ ಹೇಗೂ ಹೆಂಗಸರಿಗೆ ಬಸ್ಸು ಪುಕ್ಕಟೆ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ಚೀಲಕ್ಕೂ ಖರ್ಚಿಲ್ಲ. ನಮ್ಮ ಮನೆಯವರದು ಬೀಜದ ಅಂಗಡಿ, ಯಾವುದೋ ಕಂಪನಿಯವರು ಕೊಟ್ಟ ಒಂದು ಬೆನ್ನುಚೀಲ ಗೋದಾಮಿನಲ್ಲಿ ಬಿದ್ದಿತ್ತು. ಅದರ ಮೇಲೆ ಒಡೆದ ಹತ್ತಿಕಾಯಿಯ ಚಿತ್ರ, ಕೆಳಗೆ ತೆಲುಗಿನಲ್ಲಿ ‘ಅಧಿಕ ದಿಗುಬಡಿ’ ಎಂಬ ಬರಹ. ಹೆಚ್ಚಿನ ಇಳುವರಿ ಎಂದು ಬೆನ್ನ ಮೇಲೆ ಬರೆದುಕೊಂಡು ಪರದೇಶಕ್ಕೆ ಹೋದ ಐವತ್ತು ದಾಟಿದ ಹೆಂಗಸು ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ತೊಡಕು ಎದುರಾಯಿತು. ಮೇ ತಿಂಗಳಲ್ಲಿ ರೈಲಿಗೂ ಹಡಗಿಗೂ ಹೊಂದಿಕೊಂಡು ಸೀಟು ಖಾಲಿ ಇದ್ದದ್ದು ಒಂದೇ ದಿನ. ಯಾಕಪ್ಪಾ ಆ ದಿನ ಮಾತ್ರ ಖಾಲಿ ಎಂದು ಅಡುಗೆಮನೆಯ ಕ್ಯಾಲೆಂಡರು ನೋಡಿದರೆ ಮಂಗಳವಾರ, ಮೇಲೆ ಅಮಾವಾಸ್ಯೆ. ನಾನು ಕ್ಯಾಲೆಂಡರಿನ ಮುಂದೆ ಹೆಚ್ಚು ಹೊತ್ತು ನಿಂತದ್ದೇ ತಪ್ಪಾಯಿತು. ನಮ್ಮ ಅತ್ತೆಗೆ ಎಂಬತ್ತೊಂದು ವಯಸ್ಸು. ಅಕ್ಷರ ಬಾರದು, ಆದರೆ ತಿಥಿ ಮಾತ್ರ ಬೆರಳ ತುದಿಯಲ್ಲಿ. “ಯಾಕವಾ, ಅಮಾಸಿ ನೋಡಾಕತ್ತೀಯೇನು?” ಎಂದರು. ಹೇಳಲೇಬೇಕಾಯಿತು. ಅವರು ಕೌದಿಯ ಮೇಲೆ ಕೂತು ಸ್ವಲ್ಪ ಯೋಚಿಸಿ, “ಲಂಕಾಕ ಹೋದವ್ರ ಪೈಕಿ ನನಗ ಗೊತ್ತಿದ್ದವ್ರು ಇಬ್ರ. ಒಬ್ಬಾಕೀನ ಹೊತಗೊಂಡು ಹೋದ್ರು, ಒಬ್ಬಾವ ಹಾರಿ ಹೋದ. ಟಿಕೀಟ ತಗದು ಹೊಂಟಾಕಿ ನೀನ ಮೊದಲು. ಹೋಗು, ಯಾರು ಬ್ಯಾಡ ಅಂತಾರ? ಆದ್ರ ಅಮಾಸಿ ಮಂಗಳಾರ ಮನಿ ಬಿಟ್ಟು ಹೋಗಾಕ ನಾ ಒಪ್ಪಂಗಿಲ್ಲ. ಪರಸ್ತಾನ ಇಟ್ಟು ಹೋಗು” ಎಂದು ತೀರ್ಪು ಕೊಟ್ಟರು.

ಪ್ರಸ್ಥಾನ ಇಡುವುದು ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕಿಂತ ಮುಂಚಿನ ಒಳ್ಳೆಯ ದಿನ ನೋಡಿ ನಮ್ಮ ಚೀಲವನ್ನು ಹೊರಡಿಸಿಬಿಡುವುದು. ಅರಿಷಿಣ ಕುಂಕುಮ ಹಚ್ಚಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಡುವುದು. ಲೆಕ್ಕಕ್ಕೆ ಪ್ರಯಾಣ ಅಲ್ಲಿಂದಲೇ ಶುರು. ಒಮ್ಮೆ ಹೊಸ್ತಿಲು ದಾಟಿದ ಚೀಲ ಪ್ರಯಾಣ ಮುಗಿಯದೆ ಮನೆಗೆ ವಾಪಸು ಬರುವಂತಿಲ್ಲ. ಒಂದೇ ಮನೆಯಲ್ಲಿ ಮೂರು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ, ಮುಂದೆ ಮುಂದೆ ಸಾಗಬೇಕು. ಮುಖ್ಯವಾದ ನಿಯಮ ಇನ್ನೊಂದು, ನಮಗೆ ಇಲ್ಲದಿದ್ದರೆ ನಡೆಯದಂಥ ವಸ್ತುವನ್ನು ಅದರಲ್ಲಿ ಇಡಬೇಕು. ನಮ್ಮ ಅಪ್ಪ ಅರಿವೆ ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೋಗುವಾಗಲೆಲ್ಲ ತಮ್ಮ ಒಂದೇ ಒಂದು ಕನ್ನಡಕವನ್ನು ಪ್ರಸ್ಥಾನದ ಚೀಲದಲ್ಲಿ ಹಾಕಿಬಿಡುತ್ತಿದ್ದರು. ಆಮೇಲೆ ಎರಡು ದಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತ ತಿರುಗುವುದು. ಅವ್ವ ಬೈದರೆ, “ಕನ್ನಡಕ ಮುಂದ ಹೋಗೈತಲ್ಲ, ನಾ ಹೋಗದ ಬಿಡತೀನೇನು?” ಎನ್ನುತ್ತಿದ್ದರು. ಮಕ್ತಲದ ನಮ್ಮ ಓಣಿಯಲ್ಲಿ ಎಲ್ಲರ ಪ್ರಸ್ಥಾನವೂ ಬಸಮ್ಮಾಯಿಯ ಮನೆಯಲ್ಲೇ. ಅವರ ಪಡಸಾಲೆಯಲ್ಲಿ ಒಂದು ದೊಡ್ಡ ಗೂಡು. ಅದರಲ್ಲಿ ಹೈದರಾಬಾದಿಗೆ ಹೋಗುವ ಗಂಟು, ರಾಯಚೂರಿಗೆ ಹೋಗುವ ಡಬ್ಬಿ, ಮೈಲಾರಕ್ಕೆ ಹೋಗುವ ಕಂಬಳಿ, ಎಲ್ಲ ಒಂದರ ಪಕ್ಕ ಒಂದು ಒಡೆಯರ ದಾರಿ ಕಾಯುತ್ತಿದ್ದವು. ನಾವು ಸಣ್ಣವರು ಅವನ್ನು ನೋಡಿ ಯಾರು ಯಾವ ಊರಿಗೆ ಹೊರಟಿದ್ದಾರೆಂದು ಪಂದ್ಯ ಕಟ್ಟುತ್ತಿದ್ದೆವು. ಈಗ ಯಾರೂ ಇಡುವುದಿಲ್ಲ.

ಅಮಾವಾಸ್ಯೆಗೆ ಎಂಟು ದಿನ ಮುಂಚಿನ ಸೋಮವಾರ ಚೀಲ ಹೊರಡಿಸುವುದೆಂದಾಯಿತು. ಪಕ್ಕದ ಓಣಿಯ ಕಿರಾಣಿಯವರ ಮನೆಯಲ್ಲಿ ಮೂರು ರಾತ್ರಿ, ಮಕ್ತಲದ ಬಸಮ್ಮಾಯಿಯ ಮನೆಯಲ್ಲಿ ಮೂರು ರಾತ್ರಿ, ಅಲ್ಲಿಂದ ಗದ್ವಾಲಕ್ಕೆ ಶರಣಮ್ಮನ ಮನೆಗೆ. ನಾನು ಚೀಲ ಕಟ್ಟಿದೆ. ಮಂದಿ ಮನೆಯಲ್ಲಿ ಇಡುವುದು, ಹೊಸದು ಯಾಕೆ ಎಂದು ಮಾಸಿದ ಎರಡು ಸೀರೆ, ಉಂಗುಟದ ಪಟ್ಟಿ ಕಿತ್ತ ಚಪ್ಪಲಿ, ಸೆಲ್ಲಿಲ್ಲದ ಬ್ಯಾಟರಿ, ಒಂದು ಹಳೆಯ ಛತ್ರಿ ಹಾಕಿದೆ. ಒಳ್ಳೆಯ ಸೀರೆಗಳನ್ನೂ ಪಾಸ್‌ಪೋರ್ಟನ್ನೂ ಅಲಮಾರಿಯಲ್ಲಿ ಭದ್ರವಾಗಿ ಇಟ್ಟೆ, ಹೊರಡುವ ದಿನ ಕೈಚೀಲದಲ್ಲಿ ಒಯ್ದರಾಯಿತು. ಜಾಣತನ ಅಂದರೆ ಇದು ಎಂದು ನನಗೆ ನಾನೇ ಅಂದುಕೊಂಡೆ. ಅತ್ತೆ ಚೀಲಕ್ಕೆ ಕುಂಕುಮ ಹಚ್ಚುತ್ತ ಒಮ್ಮೆ ಒಳಗೆ ಕೈಯಾಡಿಸಿ, ನನ್ನ ಮುಖ ನೋಡಿ, “ಇಷ್ಟ ಏನವಾ?” ಎಂದರು. “ಇಷ್ಟ ಸಾಕತ್ತಿ, ಕಡಿಮಿ ಖರ್ಚಿನ್ಯಾಗ ಹೋಗೋರು ಹಗುರ ಇರಬೇಕು” ಎಂದು ವೀಡಿಯೋದ ಹುಡುಗಿಯ ಮಾತನ್ನೇ ಹೇಳಿದೆ. ಅತ್ತೆ, “ನೀರು ತಗೊಂಬಾ, ಹೊಸ್ತಲಕ್ಕ ಹಾಕೂಣು” ಎಂದು ನನ್ನನ್ನು ಹಿತ್ತಲಿಗೆ ಕಳಿಸಿದರು.

ಚೀಲ ಹೋದ ಮೇಲೆ ನನಗೆ ಯಾವ ತೊಂದರೆಯೂ ಆಗಲಿಲ್ಲ. ಅಪ್ಪನ ಹಾಗೆ ಎಲ್ಲಿಯೂ ಹಣೆ ಬಡಿಯಲಿಲ್ಲ. ಮನೆಯವರು ಗುರುವಾರ ಬೀಜದ ವಸೂಲಿಗೆಂದು ಮಕ್ತಲಕ್ಕೆ ಹೋಗುವಾಗ ಕಿರಾಣಿಯವರ ಮನೆಯಿಂದ ಅದನ್ನು ಒಯ್ದು ಬಸಮ್ಮಾಯಿಗೆ ಕೊಟ್ಟು ಬಂದು, “ಚೀಲ ನನಗಿಂತ ಚಲೋ ಉಪಚಾರ ಮಾಡಿಸಿಗೊಳ್ಳಾಕತ್ತೈತಿ. ಕಿರಾಣಿಯವ್ರು ಒಂದು ಕಿಲೋ ಪುಠಾಣಿ ತುಂಬ್ಯಾರ” ಎಂದರು. ಹುರಿಗಡಲೆಯನ್ನಾದರೂ ಹಾಕದೆ ಪ್ರಸ್ಥಾನದ ಚೀಲವನ್ನು ಬರಿದೇ ಕಳಿಸಬಾರದಲ್ಲ.

ಭಾನುವಾರ ಚೀಲವನ್ನು ಮುಂದಿನ ಬಸ್ಸಿಗೆ ಹಾಕಲು ನಾನೇ ಮಕ್ತಲಕ್ಕೆ ಹೋದೆ. ಬಸಮ್ಮಾಯಿಗೆ ಈಗ ತೊಂಬತ್ತರ ಹತ್ತಿರ. ಅದೇ ಪಡಸಾಲೆ, ಅದೇ ಗೂಡು. ಗೂಡಿನಲ್ಲಿ ನನ್ನ ಅಧಿಕ ಇಳುವರಿಯ ಚೀಲ ಒಂದೇ ಕೂತಿತ್ತು. ಬಸಮ್ಮಾಯಿ ಅದಕ್ಕೆ ದಿನಾ ಎರಡು ಹೊತ್ತು ಊದುಬತ್ತಿ ಬೆಳಗಿದ್ದರಂತೆ. “ಎಷ್ಟು ವರ್ಷ ಆದ್ವು ನೋಡವಾ, ಈ ಗೂಡಿನ್ಯಾಗ ಒಂದು ಚೀಲ ಬಂದು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಏಳಲು ಹೊರಟರೆ ತಡೆದು, ಸೊಸೆಯ ಕೈಲಿ ಅಟ್ಟದಿಂದ ಒಂದು ಖಾದಿ ಬಟ್ಟೆಯ ಸಣ್ಣ ಚೀಲ ಇಳಿಸಿದರು. ಮಣ್ಣಿನ ಬಣ್ಣಕ್ಕೆ ತಿರುಗಿತ್ತು. “ಇದನ್ನೂ ಹೊರಡಸು. ನಿಮ್ಮದ ಐತಿ. ನೀನು, ಆ ಶರಣಿ ಕೂಡಿ ಇಟ್ಟು ಹೋದದ್ದು. ಲಂಕಾಕ ಅಂದಿದ್ರಿ. ಮೂರು ರಾತ್ರಿ ಅಂತ ಇಟ್ಟಿದ್ರಿ, ಮೂವತ್ತೇಳು ವರ್ಷ ಆತು.”

ನೆನಪಾಯಿತು. ಪರೀಕ್ಷೆ ಮುಗಿದ ವಾರ ನಾವಿಬ್ಬರೂ ದೊಡ್ಡವರನ್ನು ನೋಡಿ ಪ್ರಸ್ಥಾನ ಇಟ್ಟಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತಾಗಿತ್ತು. ಶರಣಮ್ಮ ಹೋಗಿ ಮಧ್ಯಾಹ್ನದವರೆಗೆ ನಿಂತಿದ್ದಳು. ನಾನು ಹೋಗಲಿಲ್ಲ. ಜ್ವರ ಬಂದಿತ್ತು ಎಂದು ಹೇಳಿದ್ದೆ. ಬಂದಿತ್ತೋ ಇಲ್ಲವೋ ಈಗ ಗೊತ್ತಿಲ್ಲ.

“ಬಿಚ್ಚಿ ನೋಡಿಲ್ಲೇನು ಆಯಿ?” ಎಂದೆ. “ಶಿವಶಿವಾ! ಇನ್ನೊಬ್ರ ಪರಸ್ತಾನ ಬಿಚ್ಚತಾರೇನವಾ?” ಎಂದು ಬೈದರು. ಹೊಸ್ತಿಲ ಮೇಲೆ ಕೂತು ನಾನೇ ಬಿಚ್ಚಿದೆ. ಇಲ್ಲದಿದ್ದರೆ ನಡೆಯದಂಥ ವಸ್ತು ಒಂದೊಂದು ಇಡಬೇಕೆಂದು ನಾವು ಗುಟ್ಟಾಗಿ, ಒಬ್ಬರಿಗೊಬ್ಬರು ತೋರಿಸದೆ ಹಾಕಿದ್ದೆವು. ಮೊದಲು ಕೈಗೆ ಸಿಕ್ಕದ್ದು ಕಪ್ಪಾಗಿದ್ದ ಒಂದು ಜೋಡಿ ಬೆಳ್ಳಿಯ ಕಾಲ್ಗೆಜ್ಜೆ. ಶರಣಮ್ಮನದು. ಆ ವರ್ಷ ಗೆಜ್ಜೆ ಕಳೆದಳೆಂದು ಅವಳವ್ವ ಓಣಿಯ ಮಂದಿ ಮುಂದೆಯೇ ಅವಳಿಗೆ ಹೊಡೆದದ್ದು ನನಗೆ ನೆನಪಿದೆ. ಎಲ್ಲಿ ಕಳೆದೆ ಎಂದು ಎಷ್ಟು ಕೇಳಿದರೂ ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಪ್ರಸ್ಥಾನ ಇನ್ನೂ ಎದ್ದಿಲ್ಲ, ಗಂಗೂ ಬಂದೇ ಬರುತ್ತಾಳೆ ಎಂದುಕೊಂಡಿದ್ದಳೋ ಏನೋ. ಚೀಲ ಇನ್ನೊಮ್ಮೆ ಝಾಡಿಸಿದೆ. ಎರಡನೆಯದು ಉರುಳಿ ಬಿತ್ತು. ಅರ್ಧ ಸವೆದ ಒಂದು ರಬ್ಬರು, ಪೆನ್ಸಿಲು ಅಳಿಸುವುದು. ನನ್ನದು. ನನ್ನದೂ ಅಲ್ಲ, ನನ್ನ ತಮ್ಮನದು. ಬಸಮ್ಮಾಯಿ ಕಣ್ಣು ಕಿರಿದು ಮಾಡಿ, “ಅದೇನವಾ ಅದು?” ಎಂದರು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ಏನಿಲ್ಲ ಆಯಿ, ಕಸ” ಎಂದು ಪರ್ಸಿನಲ್ಲಿ ಹಾಕಿಕೊಂಡೆ. ಗೆಜ್ಜೆಯನ್ನು ಬೆನ್ನುಚೀಲದ ಹೊರಗಿನ ಖೀಸೆಯಲ್ಲಿ ಇಟ್ಟೆ.

ಗದ್ವಾಲದ ಬಸ್ಸಿನ ಕಂಡಕ್ಟರಿಗೆ ಚೀಲ ಒಪ್ಪಿಸಿ, ಅಲ್ಲಿ ನನ್ನ ಗೆಳತಿ ಬಂದು ತೆಗೆದುಕೊಳ್ಳುತ್ತಾಳೆ ಎಂದೆ. ಆತ ಚೀಲದ ಕುಂಕುಮ, ಹೂವು, ಬಸಮ್ಮಾಯಿ ಕೊಟ್ಟ ರೊಟ್ಟಿಯ ಗಂಟು ಎಲ್ಲ ನೋಡಿ, “ಟೀಚರಮ್ಮಾ, ಮೀಕೈತೇ ಫ್ರೀ. ಬ್ಯಾಗುಕಿ ಆಧಾರ್ ಉಂದಾ?” ಎಂದು ಕೇಳಿದ, ನಿಮಗಾದರೆ ಪುಕ್ಕಟೆ, ಚೀಲಕ್ಕೆ ಆಧಾರ್ ಇದೆಯೇ ಎಂದು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಚೀಲಕ್ಕೆ ಟಿಕೆಟ್ ಕೊಂಡೆ. ಹೀಗೆ ನಮ್ಮ ಪರದೇಶ ಪ್ರವಾಸದ ಮೊದಲ ಬಸ್ ಖರ್ಚು ಬಿದ್ದದ್ದು ಚೀಲದ್ದು. ಅದು ಕೃಷ್ಣೆ ದಾಟಿ ಹೋಯಿತು, ನಾನು ನಾರಾಯಣಪೇಟೆಗೆ ವಾಪಸು ಬಂದೆ.

ಸೋಮವಾರ ಬೆಳಿಗ್ಗೆ ಅಲಮಾರಿ ತೆಗೆದು ಸೀರೆಗಳ ಕೆಳಗೆ ಕೈ ಹಾಕಿದರೆ ಪಾಸ್‌ಪೋರ್ಟು ಇಲ್ಲ. ಎಲ್ಲ ಸೀರೆ ಕೆಡವಿದೆ. ಗಾದಿ ಎತ್ತಿದೆ. ಅಕ್ಕಿಯ ಡಬ್ಬಿಯಲ್ಲೂ ನೋಡಿದೆ, ಅದೇಕೆ ನೋಡಿದೆನೋ ದೇವರಿಗೇ ಗೊತ್ತು. ಇಲ್ಲ. ಮಂಚದ ಮೇಲೆ ಕುಸಿದು ಕೂತೆ. ಈಗ ಓದುವವರ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು. ಕಣ್ಣಲ್ಲಿ ನೀರು ಬಂತು, ನಿಜ. ಆದರೆ ಆ ನೀರಿನ ಹಿಂದೆಯೇ ಎದೆಯಲ್ಲಿ ಏನೋ ಹಗುರಾಯಿತು. ಸದ್ಯ, ಇನ್ನು ಹೋಗಬೇಕಿಲ್ಲ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ಅಲುಗಾಡುವ ಹಡಗು ಯಾವುದೂ ಇಲ್ಲ. ತಪ್ಪು ನನ್ನದೂ ಅಲ್ಲ. ಪೆನ್ಸಿಲಿನ ಹಾಳೆಗೆ ಇನ್ನೊಂದು ಸಲ ರಬ್ಬರು ತಿಕ್ಕಿದರಾಯಿತು.

ಗಂಟಲು ಸರಿ ಮಾಡಿಕೊಂಡು, ಅಳುವ ದನಿ ತಂದುಕೊಂಡು ಫೋನು ಮಾಡಿದೆ. “ಶರಣೀ, ಪಾಸ್‌ಪೋರ್ಟ್ ಕಳದೈತಿ ನೋಡವಾ. ಏನ್ ಮಾಡೂದು, ನಮ್ಮ ನಸೀಬದಾಗ ಇಲ್ಲ...”

ಆ ಕಡೆ ಅವಳು ನಕ್ಕ ರಭಸಕ್ಕೆ ಫೋನು ಕಿವಿಯಿಂದ ದೂರ ಹಿಡಿದೆ. “ಏ ಹುಚ್ಚಿ, ಅದು ಇಲ್ಲೇ ಐತಿ! ನಿನ್ನ ಚೀಲದ ಒಳಗಿನ ಖೀಸೆದಾಗ, ಕೆಂಪು ಅರಿವ್ಯಾಗ ಕಟ್ಟಿ ಅರಿಷಿಣ ಹಚ್ಯಾರ. ಜೋಡಿ ಎರಡು ಹೊಸ ಸೀರಿ. ನಿಮ್ಮತ್ತಿ ಚೀಲ ಹೊಂಟ ದಿನಾನ ಫೋನ್ ಮಾಡಿ ಹೇಳಿದ್ರು, ನೀ ಹಿಂಗ ಅಳಕೋಂತ ಫೋನ್ ಮಾಡತಿ ಅಂತಾನೂ ಹೇಳ್ಯಾರ” ಎಂದಳು. ಆಮೇಲೆ ದನಿ ಸಣ್ಣದು ಮಾಡಿ, “ಗೆಜ್ಜೀನೂ ಸಿಕ್ಕುವು ಗಂಗೂ” ಎಂದಳು. ಅವಳೇ ಮುಂದುವರಿಸಿದಳು: “ಬಸ್‌ಸ್ಟ್ಯಾಂಡಿನ್ಯಾಗ ಇನ್ನೊಂದು ಸಲ ನಿಲ್ಲಾಕ ನನಗ ಮೊಣಕಾಲಿಲ್ಲವಾ. ಸುಮ್ಮ ಬಾ.”

ಹೊರಗೆ ಬಂದರೆ ಅತ್ತೆ ಮೊರದ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆಯೇ, “ಹುಡುಕೂದು ಆತೇನು?” ಎಂದರು. ನನಗೆ ಸಿಟ್ಟು ಬಂದಿತ್ತು. ಅತ್ತೆಯೇ ಹೇಳಿದರು: “ಬ್ಯಾಡಾದ್ದು ಮುಂದ ಕಳಿಸಿ ಬೇಕಾದ್ದು ಮನ್ಯಾಗ ಇಟಗೊಂಡ್ರ ಅದು ಪರಸ್ತಾನ ಅಲ್ಲವಾ, ಕಸ ಚೆಲ್ಲೂದು. ಆ ನೀಲಿ ಪುಸ್ತಕ ಇಲ್ಲಂದ್ರ ನಡೆಂಗಿಲ್ಲ ಅಂತ ನೀನ ನೂರು ಸಲ ಹೇಳಿದ್ದಿ. ಅದಕ ಅದನ್ನ ಮೊದಲು ಹೊರಡಿಸಿದೆ.” ಸಿಪ್ಪೆ ಊದಿ ಮೊರ ಕೆಳಗಿಟ್ಟು, ನನ್ನ ಮುಖ ನೋಡಿದರು. “ನನಗ ಹೆಂಗ ಗೊತ್ತಾತು ಅಂತೀಯೇನು? ನಿಮ್ಮ ಮಾವ ಇದ್ದಾಗ ಕಾಶೀಗಂತ ನಾನೂ ಇಟ್ಟಿದ್ದೆ. ಹಳೇ ಸೀರೀನ ಇಟ್ಟಿದ್ದೆ.” ಅಷ್ಟೇ ಹೇಳಿ ಮತ್ತೆ ಶೇಂಗಾಕ್ಕೆ ಕೈ ಹಾಕಿದರು. ಅತ್ತೆ ಕಾಶಿ ನೋಡಿಲ್ಲ. ನಾನು ಪಕ್ಕದಲ್ಲಿ ಕೂತು, ಬಹಳ ಹೊತ್ತು ಅವರ ಜೊತೆ ಶೇಂಗಾ ಸುಲಿದೆ.

ಮರುದಿನ ಅಮಾವಾಸ್ಯೆ, ಮಂಗಳವಾರ. ಗದ್ವಾಲದ ಸ್ಟೇಶನ್ನಿನಲ್ಲಿ ಶರಣಮ್ಮ ನನಗಿಂತ ಒಂದು ತಾಸು ಮುಂಚೆ ಬಂದು ಕೂತಿದ್ದಳು. ಎರಡೂ ಮೊಣಕಾಲಿಗೆ ಪಟ್ಟಿ, ಬೆನ್ನಿಗೆ ತನ್ನ ಚೀಲ, ತೊಡೆಯ ಮೇಲೆ ನನ್ನ ಹತ್ತಿಕಾಯಿ. ಹುಡುಗಿಯ ಗೆಜ್ಜೆ ಈಗ ಕಾಲಿಗೆ ಬರುವುದಿಲ್ಲವೆಂದು ಮಗ್ಗದ ರೇಷ್ಮೆ ನೂಲಿನಿಂದ ತನ್ನ ಚೀಲಕ್ಕೆ ಕಟ್ಟಿದ್ದಳು. ಅವಳು ಅಲುಗಿದರೆ ಝಲ್ ಎನ್ನುತ್ತಿತ್ತು. ನನ್ನ ಪಾಸ್‌ಪೋರ್ಟು ಕೊಡು ಎಂದೆ. “ಹಡಗು ಹತ್ತಿದ ಮ್ಯಾಲ ಕೊಡ್ತೀನಿ. ನಿನ್ನ ನಂಬಾಂಗಿಲ್ಲ” ಎಂದಳು.

ಇದನ್ನು ಬರೆಯುತ್ತಿರುವುದು ರೈಲಿನಲ್ಲಿ, ಪೆನ್ಸಿಲಿನಲ್ಲೇ. ತುಂಗಭದ್ರೆ ದಾಟಿಯಾಯಿತು, ಸಂಜೆಯ ಬಿಸಿಲಿನಲ್ಲಿ ಕರ್ನೂಲು ಹಿಂದೆ ಹೋಯಿತು. ಶರಣಮ್ಮ ಎದುರಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಾಳೆ. ಈ ಪ್ರಬಂಧದಲ್ಲಿ ನನ್ನ ಬಗ್ಗೆ ಬರೆದ ಕೆಲವು ಸಾಲು ಓದಿ ಬಹಳ ಸಂಕೋಚವಾಯಿತು. ಜ್ವರದ ಮಾತು, ಎದೆ ಹಗುರಾದ ಮಾತು ಎಲ್ಲ ಓದುವವರಿಗೆ ಯಾಕೆ ಬೇಕು? ಪರ್ಸಿನಿಂದ ಆ ರಬ್ಬರು ತೆಗೆದು ತಿಕ್ಕಿ ನೋಡಿದೆ. ಮೂವತ್ತೇಳು ವರ್ಷಕ್ಕೆ ಕಲ್ಲಾಗಿ ಹೋಗಿದೆ. ಒಂದು ಅಕ್ಷರವೂ ಅಳಿಯುತ್ತಿಲ್ಲ.